ನಮ್ಮ ಭಾವ ರಿಜೆಕ್ಟ್ ಮಾಡಿದ ತೋಟ

ನಮ್ಮ ಭಾವನಿಗೆ ಈ ಭೂಮಿಯ ಮೇಲೆ ಸರಿ ಎನಿಸಿದ ವಸ್ತು ಇದುವರೆಗೆ ಒಂದೇ ಒಂದು: ನಮ್ಮ ಅಕ್ಕ. ಮಿಕ್ಕಿದ್ದೆಲ್ಲ ರಿಜೆಕ್ಟು! ನಾನೇನೋ ಬಾಮೈದನ ಹೊಟ್ಟೆಯುರಿಯಿಂದ ಹೀಗೆ ಹೇಳುತ್ತಿದ್ದೇನೆ ಅಂದುಕೊಂಡರೆ ಒಮ್ಮೆ ನಮ್ಮ ಮನೆಗೆ ಬನ್ನಿ. ಹೊಸ್ತಿಲ ಮೇಲೆ, ಬಚ್ಚಲಿನ ಬಾಗಿಲಿಗೆ, ಹೋದ ತಿಂಗಳು ಕೊಂಡ ಗ್ಯಾಸ್ ಸ್ಟೌವಿನ ಪಕ್ಕೆಗೆ ಕೆಂಪು ಚಾಕ್‌ಪೀಸಿನಲ್ಲಿ ಎಳೆದ ಇಂಟು ಮಾರ್ಕುಗಳನ್ನು ತೋರಿಸುತ್ತೇನೆ. ಒರೆಸಿದರೆ ಮುಂದಿನ ಸಲ ಬಂದಾಗ ಇನ್ನೂ ದಪ್ಪಗೆ ಎಳೆಯುತ್ತಾರೆ. ಆದ್ದರಿಂದ ಒರೆಸುವುದನ್ನು ಬಿಟ್ಟಿದ್ದೇವೆ.

ಸೋಂಪುರದ ಒಂದು ಕಾರ್ಖಾನೆಯಲ್ಲಿ ಭಾವ ಇಪ್ಪತ್ತೆಂಟು ವರ್ಷ ಮಾಡಿದ್ದು ಇದೇ ಕೆಲಸ. ಯಂತ್ರದಿಂದ ಉದುರುವ ಕಬ್ಬಿಣದ ಬಳೆಗಳನ್ನು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಇಂಟು ಹಾಕಿ ಪಕ್ಕಕ್ಕೆ ಎಸೆಯುವುದು. ನಿವೃತ್ತಿಯ ದಿನ ಕಾರ್ಖಾನೆಯವರು ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು, ಚಾಕ್‌ಪೀಸನ್ನು ಮಾತ್ರ ವಾಪಸ್ ಕೇಳುವುದನ್ನು ಮರೆತರು. ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಓಡುತ್ತದೆಂದು ಮೊದಲ ಇಂಟು ಅದಕ್ಕೇ ಬಿತ್ತು. ಆಮೇಲೆ ನಮ್ಮೂರು ದೊಡ್ಡಬಳ್ಳಾಪುರದ ಸರದಿ!

ಒಂದು ಮದುವೆಯಲ್ಲಿ, ಮುಹೂರ್ತಕ್ಕೆ ಇನ್ನೇನು ಗಟ್ಟಿಮೇಳ ಅನ್ನಬೇಕು, ಭಾವ ಕಲ್ಯಾಣ ಮಂಟಪದ ಮೆಟ್ಟಿಲುಗಳಿಗೆ ಟೇಪು ಹಿಡಿದು ಕೂತಿದ್ದರು. ನಾಲ್ಕು ಮೆಟ್ಟಿಲು, ನಾಲ್ಕು ಎತ್ತರ. ನಾಲ್ಕಕ್ಕೂ ಇಂಟು ಹಾಕಿದರು. ಕೆಂಪು ಗುರುತು ಕಂಡು ಹೆಣ್ಣಿನ ತಂದೆಗೆ ಅಪಶಕುನವೆಂದು ಸಿಟ್ಟು ಬಂತು.

"ಏನ್ ಸಾರ್ ಇದು, ಶುಭಕಾರ್ಯದ ಹೊತ್ನಲ್ಲಿ?"

"ಮೆಟ್ಲು ಒಂದೊಂದೂ ಒಂದೊಂದು ಎತ್ರ ಅದೆ ಕಣಪ್ಪ. ಕಣ್ ಕಾಣದೋರು ಕಾಲಿಟ್ರೆ ಮುಗ್ಗರಿಸ್ತಾರೆ."

"ಕಣ್ ಕಾಣದೋರು ಇಲ್ಲಿ ಯಾರ್ ಬಂದವ್ರೆ ಸಾರ್?"

"ಬರಕ್ಕಾಗದೇ ಇರಂಗೆ ಕಟ್ಬುಟ್ಟು, ಆಮೇಲೆ ಯಾರ್ ಬಂದವ್ರೆ ಅಂತ ನನ್ನೇ ಕೇಳ್ತೀಯಲ್ಲ, ಭಲೇ ಆಸಾಮಿ ನೀನು!"

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಕ್ಕ ಆ ಮದುವೆಗೆ ಬಂದಿರಲಿಲ್ಲ ಎನ್ನುವುದು ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ನನಗೆ ನೆನಪಾಯಿತು.

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನು ನುಂಗಿ ಆರು ವರ್ಷವಾಯಿತು. ಅದಕ್ಕೆ ಮುಂಚೆ ಅವರು ತೂಬಗೆರೆಯ ಹತ್ತಿರ ಹಳ್ಳಿಯಲ್ಲಿದ್ದಾಗ ಹಿತ್ತಲ ತುಂಬ ದಂಟು, ಸಬ್ಬಸಿಗೆ, ಕೊತ್ತಂಬರಿ ಬೆಳೆಯುತ್ತಿದ್ದಳು. ಆಸ್ಪತ್ರೆ ಹತ್ತಿರವಾಗಲೆಂದು ಪಟ್ಟಣಕ್ಕೆ, ನಮ್ಮ ಬಡಾವಣೆಗೇ, ಮಹಡಿ ಮೇಲಿನ ಬಾಡಿಗೆ ಮನೆಗೆ ಬಂದರು. ಅಲ್ಲಿ ಮಣ್ಣು ಅಂತ ಇರುವುದು ತುಳಸಿ ಕುಂಡದಲ್ಲಿ ಮಾತ್ರ. ಸಿಕ್ಕಾಗಲೆಲ್ಲ ಅವಳದು ಒಂದೇ ಮಾತು: "ನಂಗೆ ಬೇರೇನೂ ಬ್ಯಾಡ ಕಣೋ. ದಿನಾ ಒಂದರ್ಧ ಗಂಟೆ ಕೈಗೆ ಮಣ್ ಸಿಕ್ಕಿದ್ರೆ ಸಾಕು."

ಮಣ್ಣಿಗೇನು ಬರವೇ? ಬಡಾವಣೆಯ ನೀರಿನ ಟ್ಯಾಂಕಿನ ಪಕ್ಕ ನಮ್ಮ 'ತೋಟದ ಬಳಗ'ವಿತ್ತು. ಪಾಳುಬಿದ್ದ ಜಾಗವನ್ನು ಹಸನು ಮಾಡಿ, ಪಾತಿಗಳಾಗಿ ವಿಂಗಡಿಸಿ, ಮನೆಗೊಂದರಂತೆ ಹಂಚಿಕೊಂಡು ತರಕಾರಿ ಬೆಳೆಯುವವರ ಬಳಗ. ಗೇಟಿನ ಮೇಲೆ 'ಎಲ್ಲರಿಗೂ ಸ್ವಾಗತ' ಎಂಬ ದೊಡ್ಡ ಬೋರ್ಡು. ಬೋರ್ಡು ಮಾಡಿಸಿದವರು ನಮ್ಮ ಅಧ್ಯಕ್ಷರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, 'ಎಲ್ಲರೂ' ಎಂಬ ಪದವಿಲ್ಲದೆ ವಾಕ್ಯ ಮುಗಿಸಲಾರದವರು. ಪಕ್ಷಪಾತ ಎಂದು ಯಾರೂ ಬೆರಳು ತೋರಿಸದಿರಲೆಂದು ಪಾತಿ ಬೇಕಾದವರು ಬಳಗದ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬೇಕು ಎಂದು ಅವರು ನಿಯಮ ಮಾಡಿದ್ದರು. ಆ ವೆಬ್‌ಸೈಟನ್ನು ಮಾಡಿದ ಮಹಾಶಿಲ್ಪಿ ಯಾರು? ನಾನೇ!

ನನ್ನ ಕಸುಬು ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಎಲ್ಲವೂ ಅರ್ಥವಾಗುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಫ್ಲೆಕ್ಸುಗಳನ್ನು ಡಿಸೈನ್ ಮಾಡುವ ಅಂಗಡಿ. ಹಾಗಾಗಿ ನನ್ನ ವೆಬ್‌ಸೈಟೂ ಮದುವೆ ಕಾರ್ಡೇ ಆಗಿತ್ತು. ಮೇಲೆ ಗಣಪತಿ, ಸುತ್ತ ಚಿನ್ನದ ಬಣ್ಣದ ಬಳ್ಳಿ, ಹಸಿರು ಎಲೆಗಳ ಮೇಲೆ ಹಸಿರು ಅಕ್ಷರ, ಅದರ ಮೇಲೆ ತೇಲಿ ತೇಲಿ ಬೀಳುವ ಇನ್ನಷ್ಟು ಎಲೆ. ಪ್ರತಿ ಸೂಚನೆಯನ್ನೂ ಚೆಂದದ ಪೋಸ್ಟರ್ ಮಾಡಿ ಚಿತ್ರವಾಗಿಯೇ ಏರಿಸುತ್ತಿದ್ದೆ. ಕೊನೆಯಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದು ಸಮಿತಿಯ ಹೆಸರುಗಳು! ಇಷ್ಟು ಸಾಲದೆಂದು ಅಧ್ಯಕ್ಷರ ಸಲಹೆಯ ಮೇರೆಗೆ ಒಂದು ಪರೀಕ್ಷೆ ಬೇರೆ ಇಟ್ಟಿದ್ದೆ. ಬರೀ ಸೆಲ್ಫಿ ತೆಗೆದುಕೊಳ್ಳಲು ಬರುವವರನ್ನು ತಡೆಯಲು ಅರ್ಜಿಯ ತಲೆಯಲ್ಲೇ ಒಂದು ಎಲೆಯ ಫೋಟೋ. 'ಇದು ಯಾವ ಸೊಪ್ಪು?' ಸರಿಯಾಗಿ ಹೇಳಿದರೆ ಮಾತ್ರ ಅರ್ಜಿ ತೆರೆಯುತ್ತದೆ.

ಕತ್ತಲಲ್ಲಿ ಕೊಟ್ಟರೂ ಎಲೆಯನ್ನು ಬೆರಳಲ್ಲಿ ಹೊಸಕಿ ಇದು ಚಕ್ಕೋತ, ಇದು ಹೊನಗೊನ್ನೆ ಎನ್ನುವ ಅಕ್ಕ ಈ ಪರೀಕ್ಷೆಯಲ್ಲಿ ನಪಾಸಾದಳು. ಅವಳ ಹತ್ತಿರ ಮಾತಾಡುವ ಫೋನಿದೆ. ತೆರೆಯ ಮೇಲೆ ಬೆರಳಾಡಿಸಿದರೆ ಅಲ್ಲಿರುವುದನ್ನು ಓದಿ ಹೇಳುತ್ತದೆ. ನನ್ನ ವೆಬ್‌ಸೈಟನ್ನು ಅದು ಹೀಗೆ ಓದಿತು: "ಚಿತ್ರ. ಚಿತ್ರ. ಚಿತ್ರ. ಬಟನ್. ಚಿತ್ರ. ಬಟನ್." ಯಾವ ಚಿತ್ರ, ಯಾವ ಬಟನ್, ಕೇಳಬೇಡಿ. ಫೋನಿಗೆ ಅದನ್ನು ಹೇಳಿಕೊಡಬೇಕೆಂಬುದೇ ನನಗೆ ಗೊತ್ತಿರಲಿಲ್ಲ.

ಅಕ್ಕ ಇದನ್ನು ನನಗೆ ಹೇಳಿದ ಮಾರನೆಯ ದಿನ ಭಾವ ನನ್ನ ಅಂಗಡಿಗೆ ಬಂದರು. ಗಿರಾಕಿಯೊಬ್ಬರು ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡುತ್ತ ಕೂತಿದ್ದರು. ಭಾವ ಜೇಬಿಗೆ ಕೈ ಹಾಕಿ ನನ್ನ ಕಂಪ್ಯೂಟರಿನ ತೆರೆಯ ಮೇಲೆ, ಸರಿಯಾಗಿ ವಧುವಿನ ಹೆಸರಿನ ಮೇಲೆ, ಇಂಟು ಎಳೆದರು.

"ಅಯ್ಯೋ ಭಾವ! ಅರ್ಜಿ ತಾನೇ? ಅಕ್ಕಂದು ನಾನೇ ತುಂಬ್ತೀನಿ ಬಿಡಿ, ಎರಡು ನಿಮಿಷದ ಕೆಲ್ಸ."

"ನೀನ್ಯಾಕೋ ತುಂಬ್ತೀಯ?"

"ಅವಳ ಪರವಾಗಿ, ಭಾವ."

"ಓಹೋ! ಮಧ್ಯಾಹ್ನ ನಿಂಗೆ ಹಸಿವಾದ್ರೆ ಹೇಳು. ನಿನ್ ಪರವಾಗಿ ನಾನು ಉಂಡ್ಕೊಂಡ್ ಬರ್ತೀನಿ."

ಗಿರಾಕಿ ಕಾರ್ಡನ್ನು ಬೇರೆ ಅಂಗಡಿಯಲ್ಲಿ ಮಾಡಿಸಿದರು. ಭಾವನ ಹಟ ಮಾತ್ರ ಅಲ್ಲಾಡಲಿಲ್ಲ: ಅವಳ ಪಾತಿಗೆ ಅರ್ಜಿ ಹಾಕುವವಳು ಅವಳೇ. ತಾವೂ ತುಂಬಲಿಲ್ಲ, ನನ್ನನ್ನೂ ಮುಟ್ಟಗೊಡಲಿಲ್ಲ. ಇದೆಂಥ ಮೊಂಡುತನ! ಒಂದು ಪಾತಿ ಸೊಪ್ಪಿಗೆ ಇಷ್ಟು ರಾದ್ಧಾಂತವೇ ಎಂದು ನಾನು ಮನೆಯಲ್ಲಿ ಹೆಂಡತಿಯ ಮುಂದೆ ಹಾರಾಡಿದೆ. ಅವಳು, "ನಿಮ್ಮ ಅರ್ಜಿ ಯಾವತ್ತಾದ್ರೂ ಬೇರೆಯವ್ರು ತುಂಬಿದಾರಾ?" ಅಂದಳು. ಹೆಂಗಸರು ಇಂಥ ಹೊತ್ತಿನಲ್ಲೇ ಇಂಥ ಪ್ರಶ್ನೆ ಕೇಳುತ್ತಾರೆ.

ಭಾನುವಾರ ಹೊಂಗೆ ಮರದ ಕೆಳಗೆ ಬಳಗದ ಸಭೆ. ಭಾವ ತಾವೂ ಸದಸ್ಯರೇ, ಹಿಂದಿನ ವರ್ಷವೇ ಸೇರಿದ್ದರು. ಸಿಕ್ಕ ಪಾತಿಯ ಮಣ್ಣು ಸರಿಯಿಲ್ಲವೆಂದು, ಅಕ್ಕ ಅದಕ್ಕೆ ಕೈ ಹಾಕುವ ಮೊದಲೇ ಇಂಟು ಹಾಕಿ ಬಿಟ್ಟುಕೊಟ್ಟಿದ್ದರು. ಅವರು ಎದ್ದು ನಿಂತು ಹೆಗಲ ಮೇಲಿನ ಟವೆಲ್ಲನ್ನು ಅಧ್ಯಕ್ಷರ ಕೈಗೆ ಕೊಟ್ಟರು.

"ಅಧ್ಯಕ್ಷರೇ, ಎಲ್ಲರಿಗೂ ಸ್ವಾಗತ ಅಂತ ಬರ್ಸಿದೀರಿ. ಇದನ್ನ ಕಣ್ಣಿಗ್ ಕಟ್ಕಂಡು, ಫೋನಿಗೆ ಮಾತು ಬರಂಗೆ ಮಾಡ್ಕಂಡು, ಒಂದ್ಸಲ ಅರ್ಜಿ ಹಾಕ್ ತೋರ್ಸಿ."

ಎಲ್ಲರೂ ನೋಡುತ್ತಿದ್ದಾರೆ, ಹೇಗೆ ಇಲ್ಲವೆನ್ನುವುದು? ಅಧ್ಯಕ್ಷರು ಟವೆಲ್ ಕಟ್ಟಿಕೊಂಡರು. ಹತ್ತು ನಿಮಿಷ ಬೆರಳಾಡಿಸಿದರು. ಫೋನು ಚಿತ್ರ, ಬಟನ್, ಚಿತ್ರ ಎಂದು ಹಾಡಿತು. ಬೆವರೊರೆಸಿಕೊಂಡು ಎಲ್ಲೋ ಒತ್ತಿದರು, ಕರೆ ಹೋಗಿಬಿಟ್ಟಿತು. ಯಾರಿಗೆ? ಮಗಳ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲವೆಂದು ಮುನಿಸಿಕೊಂಡು ಮಾತು ಬಿಟ್ಟಿದ್ದ ಬೀಗರಿಗೆ! ಆ ಕಡೆಯಿಂದ "ಹಲೋ, ಬೀಗರಾ?" ಎಂದು ಕಾದು ಕೂತಿದ್ದವರಂಥ ದನಿ. ಅಧ್ಯಕ್ಷರು ಕಣ್ಣಿಗೆ ಟವೆಲ್ ಕಟ್ಟಿಕೊಂಡೇ ಯೋಗಕ್ಷೇಮ ವಿಚಾರಿಸಿದರು. ಹೀಗೆ ಭಾವನ ದೆಸೆಯಿಂದ ಎರಡು ಮನೆಗಳು ಒಂದಾದವು. ಅಕ್ಕನಿಗೆ ಮಾತ್ರ ಪಾತಿ ಸಿಗಲಿಲ್ಲ.

ಸಿಗಲಿಲ್ಲ ಅಂದರೆ ತಪ್ಪಾದೀತು. ಸಮಿತಿ ಉದಾರವಾಗಿತ್ತು. ಟವೆಲ್ ಬಿಚ್ಚಿದ ಅಧ್ಯಕ್ಷರು ಅಲ್ಲೇ ಒಂದು ನಿರ್ಣಯ ಮಾಡಿಸಿದರು. ಅಂಥವರಿಗಾಗಿ ಗೊಬ್ಬರದ ಗುಂಡಿಯ ಪಕ್ಕ ಒಂದು 'ವಿಶೇಷ ಪಾತಿ'. ಅರ್ಜಿ ಗಿರ್ಜಿ ಏನೂ ಬೇಡ. ಬೀಜ ಬೇರೆಯವರು ಹಾಕುತ್ತಾರೆ, ನೀರು ಬೇರೆಯವರು ಹಾಕುತ್ತಾರೆ, ಕಳೆಯನ್ನೂ ಅವರೇ ಕೀಳುತ್ತಾರೆ.

"ನಿಮ್ಮ ಮನೆಯವ್ರಿಗೆ ಎಳ್ಳಷ್ಟೂ ತೊಂದ್ರೆ ಇಲ್ಲ. ಭಾನುವಾರ ಒಂದು ಕುರ್ಚಿ ಹಾಕ್ಕೊಡ್ತೀವಿ. ಬಂದು ಆರಾಮಾಗಿ ಕೂತ್ಕೊಂಡು ನೋಡ್ಲಿ."

"ಏನ್ ನೋಡ್ಲಿ?" ಅಂದರು ಭಾವ.

ಭಾವ ನೇರ ಗೇಟಿಗೆ ಹೋದರು. ಕೈಗೆಟುಕದ ಬೋರ್ಡಿಗೆ ಕಲ್ಲಿನ ಮೇಲೆ ಕಲ್ಲಿಟ್ಟು ಹತ್ತಿ 'ಎಲ್ಲರಿಗೂ' ಎಂಬ ಪದದ ಮೇಲೆ ಇಂಟು ಎಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟರು. "ಇನ್ನು ಈ ತೋಟದ ಕಡೆ ತಲೆ ಹಾಕ್ ಮಲಗಲ್ಲ" ಎಂದು ಕೂಗಿದ್ದು ಟ್ಯಾಂಕಿನ ಆಚೆಯವರಿಗೂ ಕೇಳಿಸಿತು.

ಬೋರ್ಡಿಗೆ ಅವಮಾನವಾಗಿತ್ತಲ್ಲ, ಸುಮ್ಮನಿರಲಾದೀತೇ? ಮನುಷ್ಯರಿಗೆ ಆಗಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಮಾರನೆಯ ದಿನ ಭಾವನ ಸದಸ್ಯತ್ವ ರದ್ದಾಯಿತು. ವಾಟ್ಸಾಪ್ ಗುಂಪಿನಿಂದಲೂ ತೆಗೆಯಬೇಕು ಎಂದು ಅಧ್ಯಕ್ಷರು ನನಗೆ ಫೋನ್ ಮಾಡಿದರು. ಗುಂಪಿನ ಅಡ್ಮಿನ್ ನಾನು. ಆಗುವುದಿಲ್ಲ ಎನ್ನಬಹುದಿತ್ತು. 'ನೀವೇ ತೆಗೀರಿ ಸಾರ್' ಎಂದಾದರೂ ಅನ್ನಬಹುದಿತ್ತು. ನಾನು ಏನು ಮಾಡಿದೆ? ಅಂಗಡಿಯಲ್ಲಿ ಟೀ ಕುಡಿಯುತ್ತ, ಎಡಗೈಯಲ್ಲಿ ಲೋಟ ಹಿಡಿದು, ಬಲಗೈ ಹೆಬ್ಬೆರಳಲ್ಲಿ ಒತ್ತಿದೆ. ಅಷ್ಟು ಸಲೀಸಾದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ!

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಇರಲಿಲ್ಲ. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು.

"ನೀನೇ ಒತ್ತಿದ್ಯಾ?"

"ಹೂಂ ಅಕ್ಕ."

"ಆ ಬಟನ್ನಿಗೆ ಹೆಸರಿತ್ತಾ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಅಷ್ಟು ಕೇಳಿ ಕಾಯಿ ಸುಲಿಯುವುದನ್ನು ಮುಂದುವರಿಸಿದಳು. ಇತ್ತು, 'ತೆಗೆದುಹಾಕಿ' ಎಂದು ಸ್ಪಷ್ಟವಾಗಿ ಹೆಸರಿತ್ತು. ಸೇರಿಸಿಕೊಳ್ಳುವ ಬಟನ್ನಿಗೆ ಹೆಸರಿಡದ ನನಗೆ ಹೊರಗೆ ಹಾಕುವ ಬಟನ್ನು ಹುಡುಕಲು ಒಂದು ಕ್ಷಣವೂ ಬೇಕಾಗಿರಲಿಲ್ಲ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಆಮೇಲೆ ಆರು ಭಾನುವಾರ ನಾನು ಲ್ಯಾಪ್‌ಟಾಪು ಹೊತ್ತುಕೊಂಡು ಅವರ ಮಹಡಿ ಹತ್ತಿದೆ. ಅಕ್ಕ ಪರೀಕ್ಷಿಸುವುದು, ನಾನು ತಿದ್ದುವುದು. ಭಾವನಾದರೋ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುತ್ತಿದ್ದರು. ಅಕ್ಕ ಕೂದಲನ್ನೇ ಸೀಳುವವಳು! ತೇಲುವ ಎಲೆಗಳು ಹೋದವು. ಹಸಿರಿನ ಮೇಲಿನ ಹಸಿರು ಹೋಗಿ ಬಿಳಿಯ ಮೇಲೆ ಕಪ್ಪು, ದಪ್ಪ ಅಕ್ಷರ ಬಂತು. ಪೋಸ್ಟರುಗಳೆಲ್ಲ ಓದಬಲ್ಲ ಸಾಲುಗಳಾದವು, ಬಟನ್ನುಗಳಿಗೆ ನಾಮಕರಣವಾಯಿತು. ಪ್ರತಿ ಫೋಟೋದ ಹಿಂದೆ ಅದರಲ್ಲಿ ಏನಿದೆ ಎಂದು ಬರೆದಿಟ್ಟರೆ ಫೋನು ಓದುತ್ತದೆ ಎನ್ನುವುದನ್ನೂ ಅವಳಿಂದಲೇ ಕಲಿತೆ.

"ಸೊಪ್ಪಿನ ಪರೀಕ್ಷೆ ತೆಗೆದ್ರೆ ಅಧ್ಯಕ್ಷರು ಒಪ್ಪಲ್ಲ ಅಕ್ಕ. ಏನೂ ಗೊತ್ತಿಲ್ದೋರು ಬಂದ್ಬಿಡ್ತಾರೆ ಅಂತಾರೆ."

"ಗೊತ್ತಿಲ್ದೋರೇ ತಾನೇನೋ ಕಲಿಯಕ್ಕೆ ಬರೋದು?"

ಪರೀಕ್ಷೆ ತೆಗೆದೆ. ಗಣಪತಿಯನ್ನೂ ಚಿನ್ನದ ಬಳ್ಳಿಯನ್ನೂ ಅಳಿಸುವ ಮೊದಲು ಮಾತ್ರ ಒಂದು ಪ್ರತಿ ಉಳಿಸಿಟ್ಟುಕೊಂಡೆ. ಅಧ್ಯಕ್ಷರು ನೋಡಿ, "ಏನ್ರೀ ಇದು, ತಿಥಿ ಕಾರ್ಡ್ ಇದ್ದಂಗಿದೆ!" ಅಂದರು. ಆದರೆ ಬೀಗರ ಜೊತೆ ರಾಜಿಯಾದ ಸಂತೋಷದಲ್ಲಿದ್ದುದರಿಂದ ಸಹಿಸಿಕೊಂಡರು. ಓದು ಬರಹ ಬಾರದ ಹೂವಿನ ಅಂಗಡಿಯ ಹೆಂಗಸೊಬ್ಬರು ಫೋನಿನಿಂದ ಓದಿಸಿಕೊಂಡು, ಬಾಯಲ್ಲೇ ಹೇಳಿ ಅರ್ಜಿ ತುಂಬಿ ಮೊದಲ ಪಾತಿ ಪಡೆದರು. ಎರಡನೆಯದು ಅಕ್ಕನದು. ನನ್ನನ್ನು ಮೆಟ್ಟಿಲ ಮೇಲೆ ಕೂರಲು ಕಳಿಸಿ ಬಾಗಿಲು ಹಾಕಿಕೊಂಡು, ಮುಕ್ಕಾಲು ಗಂಟೆಯಲ್ಲಿ ಒಬ್ಬಳೇ ತುಂಬಿದಳು. ಮೆಟ್ಟಿಲ ಮೇಲೆ ಭಾವ ಆಗಲೇ ಕೂತಿದ್ದರು.

"ಪಾಸಾ ಭಾವ?" ಅಂದೆ, ಕ್ಷಮೆ ಕೇಳುವ ಧೈರ್ಯವಿಲ್ಲದೆ.

"ಅರ್ಜಿ ಹಾಕೋದೊಂದು. ಒಳಗ್ ಹೋಗೋದೊಂದು," ಅಂದರು ಭಾವ.

ಇಂಥ ಅಪಶಕುನದ ಮಾತು ಬೇಕಿತ್ತೇ ಎಂದುಕೊಂಡೆ. ಆದರೆ ಆ ಬಾಯಿ ಸುಳ್ಳಾಡಿದ್ದು ಕಡಿಮೆ. ಗೇಟಿನಿಂದ ಅಕ್ಕನ ಪಾತಿಯವರೆಗೆ ದಾರಿಯುದ್ದಕ್ಕೂ ಗೂಟ ನೆಟ್ಟು ಸೊಂಟದೆತ್ತರಕ್ಕೆ ಒಂದು ಹಗ್ಗ ಕಟ್ಟಿದ್ದೆ. ಹಗ್ಗ ಹಿಡಿದುಕೊಂಡು ಅಕ್ಕ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುತ್ತಿದ್ದಳು. ದಂಟಿನ ಬೀಜ ಹಾಕಿದಳು, ಮೊಳಕೆಗಳನ್ನು ಬೆರಳ ತುದಿಯಲ್ಲಿ ಎಣಿಸಿದಳು, ಕಳೆ ಕೀಳುತ್ತ ತನ್ನಷ್ಟಕ್ಕೆ ಮಾತಾಡಿಕೊಂಡಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. ಮಧ್ಯೆ ಸಕ್ಕರೆ ಏರಿ ಮೂರು ವಾರ ಹೋಗಲಾಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೋಗಿ ಹಗ್ಗಕ್ಕೆ ಕೈ ಹಾಕಿದರೆ, ಹಗ್ಗವೇ ಇಲ್ಲ! ಇದ್ದಲ್ಲೆಲ್ಲ ಹೀರೆಬಳ್ಳಿ. ಎರಡು ಪಾತಿಯವರು ಸೇರಿ ಹಗ್ಗದುದ್ದಕ್ಕೂ ಬಳ್ಳಿ ಹಬ್ಬಿಸಿಬಿಟ್ಟಿದ್ದರು. ಹಿಡಿಯಲು ಹೋದರೆ ಕೈಗೆ ಎಲೆ, ಹೂವು, ಜೇನುನೊಣ.

"ಸುಮ್ನೆ ಖಾಲಿ ಹಗ್ಗ ಇತ್ತಲ್ಲ ಸಾರ್," ಅಂದರು ಅವರಲ್ಲೊಬ್ಬರು, ಕಿಂಚಿತ್ತೂ ಕೆಟ್ಟ ಮನಸ್ಸಿಲ್ಲದೆ. ತೋಟಗಾರರಿಗೆ ಖಾಲಿ ಹಗ್ಗ ಕಂಡರೆ ಕೈ ಸುಮ್ಮನಿರುತ್ತದೆಯೇ! ನಾನು ಬಳ್ಳಿ ಬಿಡಿಸಬೇಕೆಂದೆ. ಅರ್ಧ ಗಂಟೆ ವಾಗ್ವಾದವಾಯಿತು. ಕೊನೆಗೆ ಬಿಡಿಸಿದರು. ಬಿಡಿಸುವಾಗ ಹೂವೆಲ್ಲ ಉದುರಿತು. ಹಿಂದಿನಿಂದ ಯಾರೋ, "ಒಬ್ರಿಗೋಸ್ಕರ ಹೂ ಬಿಟ್ಟ ಬಳ್ಳಿ ಹಾಳ್ ಮಾಡಿದ್ರು" ಅಂದರು. ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. ಕಣ್ಣು ಕಾಣದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಜನ ಎಲ್ಲಿ ಕಲಿತಿರುತ್ತಾರೋ!

ಇದನ್ನು ಭಾವನಿಗೆ ಹೇಳಿದಾಗ ಚಾಕ್‌ಪೀಸು ಹೊರಬರುತ್ತದೆ ಎಂದು ಹೆದರಿದ್ದೆ. ಬರಲಿಲ್ಲ.

"ಅವ್ಳಿಗ್ ಕೇಳಿಸ್ತಾ?" ಅಂದರು ಅಷ್ಟೇ.

"ಕೇಳಿಸ್ತು ಭಾವ."

ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಮುಖ ತೊಳೆದರು. ಅಕ್ಕ ಮಾತ್ರ ಮಾರನೆಯ ದಿನವೂ ತೋಟಕ್ಕೆ ಹೋದಳು. ದಿನವೂ ಭಾವ ಅವಳನ್ನು ಗೇಟಿನವರೆಗೆ ಬಿಟ್ಟು, "ಕಾಫಿ ಕುಡ್ಕಂಡ್ ಬರ್ತೀನಿ" ಎಂದು ಹೋಗಿ, ಸರಿಯಾದ ಹೊತ್ತಿಗೆ ವಾಪಸ್ ಬಂದು ನಿಲ್ಲುತ್ತಿದ್ದರು. ಸದಸ್ಯತ್ವ ಮತ್ತೆ ಕೊಡಿಸುತ್ತೇನೆ, ಒಂದು ಸಾಲು ಕ್ಷಮಾಪಣೆ ಬರೆದುಕೊಡಿ ಅಂದರೆ, "ಯಾರು, ಯಾರಿಗೆ?" ಅನ್ನುತ್ತಿದ್ದರು.

ದಂಟು ಕೊಯ್ಲಿಗೆ ಬಂತು. ಅಧ್ಯಕ್ಷರು ಅಕ್ಕನ ಫೋಟೋ ತೆಗೆಸಿ, 'ಎಲ್ಲರ ತೋಟ' ಎಂಬ ತಲೆಬರಹ ಕೊಟ್ಟು ವೆಬ್‌ಸೈಟಿನ ಮೊದಲ ಪುಟಕ್ಕೆ ಹಾಕಲು ಕಳಿಸಿದರು. ಕುರ್ಚಿ ಹಾಕಿಕೊಡುತ್ತೇನೆ ಎಂದಿದ್ದ ಪುಣ್ಯಾತ್ಮರು! ಜೊತೆಗೆ ಒಂದು ಸಂದೇಶ: 'ಹಿಂದೆ ಯಾರೋ ನಿಂತಿದ್ದಾರೆ, ಕತ್ತರಿಸಿ.' ಫೋಟೋ ದೊಡ್ಡದು ಮಾಡಿ ನೋಡಿದೆ. ಬಹಳ ಹೊತ್ತು ನೋಡಿದೆ. ಕತ್ತರಿಸದೆ ಹಾಗೆಯೇ ಏರಿಸಿ, ಅದರಲ್ಲಿ ಏನಿದೆಯೋ ಅಷ್ಟನ್ನೇ, ಫೋನು ಓದಲೆಂದು, ಅದರ ಹಿಂದೆ ಬರೆದೆ.

ಸಂಜೆ ಅಕ್ಕನ ಮನೆಗೆ ಹೋದಾಗ ಅವಳು ಮೊದಲ ಪುಟದ ಮೇಲೆ ಬೆರಳಾಡಿಸುತ್ತಿದ್ದಳು. ಭಾವ ಔಷಧಿ ತರಲು ಹೋಗಿದ್ದರು. ಫೋನು ತನ್ನ ಸಪ್ಪೆ ದನಿಯಲ್ಲಿ ಓದಿತು: "ಚಿತ್ರ. ಒಬ್ಬ ಹೆಂಗಸು ಪಾತಿಯಲ್ಲಿ ಕೂತು ದಂಟು ಕೀಳುತ್ತ ನಗುತ್ತಿದ್ದಾಳೆ. ಹಿಂದೆ ತಂತಿ ಬೇಲಿ. ಬೇಲಿಯ ಆಚೆ ಬಿಸಿಲಲ್ಲಿ ಅವಳ ಗಂಡ ಎರಡೂ ಕೈಯಲ್ಲಿ ತಂತಿ ಹಿಡಿದುಕೊಂಡು ನಿಂತಿದ್ದಾರೆ. ತಲೆ ಪೂರ್ತಿ ಬೆಳ್ಳಗಾಗಿದೆ. ಅವಳನ್ನೇ ನೋಡುತ್ತಿದ್ದಾರೆ."

ಅಕ್ಕನ ಬೆರಳು ಅಲ್ಲೇ ನಿಂತಿತು.

"ಕಾಫಿಗ್ ಹೋಗ್ತೀನಿ ಅಂತ ದಿನಾ ಹೇಳೋರಲ್ಲೋ?"

ಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ತಲೆ ಪೂರ್ತಿನಾ? ಹೋದ ತಿಂಗಳೂ ಕೇಳ್ದೆ. ಕಿವಿ ಹತ್ರ ನಾಕ್ ಕೂದ್ಲು ಅಷ್ಟೆ ಅಂದ್ರು."

ಸೆರಗಿನಿಂದ ಫೋನಿನ ತೆರೆಯನ್ನು ಒಮ್ಮೆ ಒರೆಸಿದಳು. ಕೆಳಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನನಗೆ ಸುಮ್ಮನಿರುವಂತೆ ಕೈ ಮಾಡಿ, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಅವರು ಮೇಲೆ ಬರುವುದರೊಳಗೆ ಅಕ್ಕ ಇನ್ನೊಮ್ಮೆ ಓದಿಸಿಕೊಂಡಳು.